ಗಾಳಿ ಡಬ್ಬದ ಪಂಚಾಯಿತಿ

ನಮ್ಮ ಯಜಮಾನರು ಅಳತೆಯ ಮನುಷ್ಯ. ಹೊಸೂರಿನ ಒಂದು ಕಾರ್ಖಾನೆಯಲ್ಲಿ ಅವರ ಕೆಲಸವೇ ಅಳೆಯುವ ಉಪಕರಣಗಳು ಸರಿಯಾಗಿ ಅಳೆಯುತ್ತಿವೆಯೇ ಎಂದು ಅಳೆಯುವುದು. ವರ್ನಿಯರ್, ಮೈಕ್ರೋಮೀಟರ್, ಪ್ರೆಶರ್ ಗೇಜು, ತಕ್ಕಡಿ ಎಲ್ಲವೂ ಇವರ ಮುಂದೆ ಕೈಕಟ್ಟಿ ನಿಂತು, ಹಸಿರು ಸ್ಟಿಕ್ಕರ್ ಅಂಟಿಸಿಕೊಂಡ ಮೇಲೆಯೇ ಕೆಲಸಕ್ಕೆ ಹೋಗಬೇಕು. ಮನೆಗೆ ಬಂದ ಮೇಲೂ ಈ ಅಧಿಕಾರ ಇಳಿಯುವುದಿಲ್ಲ. ಗೋಡೆ ಗಡಿಯಾರ, ಸಿಲಿಂಡರಿನ ತೂಕ, ಹಾಲಿನವಳ ಲೀಟರು, ನಾನು ಸಾರಿಗೆ ಹಾಕುವ ಉಪ್ಪು, ಎಲ್ಲಕ್ಕೂ ಇವರದೊಂದು ತಪಾಸಣೆ. ಮದುವೆಯಾಗಿ ಇಷ್ಟು ಕಾಲವಾದರೂ ನನಗೆ ಮಾತ್ರ ಇನ್ನೂ ಹಸಿರು ಸ್ಟಿಕ್ಕರ್ ಮಂಜೂರಾಗಿಲ್ಲ.

ಇಂಥವರು ಗಾಳಿಯನ್ನು ಅಳೆಯಲು ಹೊರಟಿದ್ದಕ್ಕೆ ಕಾರಣ ನಮ್ಮಮ್ಮ.

ಅಮ್ಮ ಇದ್ದದ್ದು ಬೇರಿಕೆಯ ಹತ್ತಿರದ ನಮ್ಮ ಹಳ್ಳಿಯಲ್ಲಿ, ನನ್ನ ತಮ್ಮನ ಜೊತೆ. ಹಿಂದೆ ರಾಗಿ ಬೆಳೆಯುತ್ತಿದ್ದ ಹೊಲಕ್ಕೆ ತಮ್ಮ ಪ್ಲಾಸ್ಟಿಕ್ ಹೊದಿಸಿ ಈಗ ಗುಲಾಬಿ ಬೆಳೆಯುತ್ತಾನೆ. ಹೋದ ಮಳೆಗಾಲದಲ್ಲಿ ಅಮ್ಮನಿಗೆ ಉಬ್ಬಸ ಜೋರಾಯಿತು. ಹೊಸೂರಿನ ಆಸ್ಪತ್ರೆಯಲ್ಲಿ ಮಲಗಿಸಿ, ಕಳಿಸುವಾಗ ಡಾಕ್ಟರು ಸ್ವಲ್ಪ ದಿನ ಹತ್ತಿರದಲ್ಲೇ ಇರಲಿ ಎಂದರು. ಹತ್ತಿರ ಎಂದರೆ ಅದೇ ಊರಿನ ಆಲಸನತ್ತಂ ಬಡಾವಣೆಯ ನಮ್ಮ ಮನೆ. ಸ್ವಲ್ಪ ದಿನ ಎಂದರೆ ಎಷ್ಟು ಎಂದು ಡಾಕ್ಟರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಬಾಯಿಗಿಟ್ಟು ಎಳೆದುಕೊಳ್ಳುವ ಪಫ್ ಒಂದನ್ನು ಕೊಟ್ಟು, ಔಷಧಿ ಎದೆಯೊಳಗೆ ಇಳಿಯಬೇಕಾದರೆ ಹೇಗೆ ಉಸಿರೆಳೆಯಬೇಕು ಎಂದು ಅಮ್ಮನಿಗೆ ಅಲ್ಲಿಯೇ ಪಾಠ ಮಾಡಿ ಕಳಿಸಿದರು. ಅಮ್ಮ ಅದನ್ನು ಚಾಚೂ ತಪ್ಪದೆ ಕಲಿತಳು.

ನಮ್ಮ ಮನೆಯಲ್ಲಿ ಅಮ್ಮ ಬೇಗ ಸುಧಾರಿಸಿದಳು. ಸಂಜೆಯಾದರೆ ಬಾಗಿಲ ಮೆಟ್ಟಿಲ ಮೇಲೆ ಕೂರುವುದು, ಪಕ್ಕದ ಮನೆಯ ತಮಿಳಿನಾಕೆ ಒಂದು ಕಡೆ, ಎದುರು ಮನೆಯ ತೆಲುಗಿನಾಕೆ ಇನ್ನೊಂದು ಕಡೆ. ಒಂದೇ ವಾಕ್ಯದಲ್ಲಿ ಮೂರು ಭಾಷೆಯೂ ಬಂದುಹೋಗುತ್ತಿತ್ತು, ಇಡೀ ಬೀದಿಯ ಸಂಸಾರವೂ ಬಂದುಹೋಗುತ್ತಿತ್ತು. ಅಮ್ಮ ಹೀಗೆ ಸುಮ್ಮನೆ ಕೂತಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆದರೆ ಮಗನಿರುವ ತಾಯಿ ಮಗಳ ಮನೆಯಲ್ಲಿ ಠಿಕಾಣಿ ಹೂಡಬಾರದು ಎಂದು ನಮ್ಮ ಕಡೆ ಒಂದು ಕಾನೂನಿದೆ. ಮಾಡಿದವರು ಯಾರೋ ಗೊತ್ತಿಲ್ಲ, ಶಿಕ್ಷೆ ಮಾತ್ರ ಎಲ್ಲರಿಗೂ ಗೊತ್ತು: ಊರವರು ಆಡಿಕೊಳ್ಳುತ್ತಾರೆ. ಟೀ ಅಂಗಡಿಯಲ್ಲಿ, ಹೂವಿನ ಮಂಡಿಯಲ್ಲಿ ತಮ್ಮನಿಗೆ ದಿನವೂ ಆ ಶಿಕ್ಷೆ ಬೀಳುತ್ತಿತ್ತು. ನನ್ನ ತಮ್ಮ ಕೆಟ್ಟವನಲ್ಲ. ಅವನಿಗೆ ಅಮ್ಮ ಬೇಕು, ಅಮ್ಮನಿಗಿಂತ ಒಂದು ಹಿಡಿ ಹೆಚ್ಚಾಗಿ ಮರ್ಯಾದೆ ಬೇಕು. ಹಾಗೆಂದು ನೇರವಾಗಿ ಹೇಳಲಾಗದೆ ಗಾಳಿಯ ಮೇಲೆ ಹಾಕಿದ.

“ಹೊಸೂರ್ ಗಾಳಿ ಒಂದ್ ಗಾಳೀನಾ ಅಕ್ಕ? ಎಲ್ ನೋಡಿದ್ರೂ ಫ್ಯಾಕ್ಟ್ರಿ, ಎಲ್ ನೋಡಿದ್ರೂ ಲಾರಿ. ಉಬ್ಬಸದೋರು ಇಲ್ಲಿದ್ರೆ ಏನಾಗ್ಬೇಕು? ನಮ್ಮೂರಾಗೆ ತೋಟದ್ ಗಾಳಿ, ನೀನೇ ಯೋಚ್ನೆ ಮಾಡು” ಎಂದ.

ನಾನು ಯೋಚನೆ ಮಾಡುವ ಮುಂಚೆಯೇ ನಮ್ಮ ಯಜಮಾನರಿಗೆ ಅವಮಾನವಾಗಿತ್ತು. ಇವರ ಅಜ್ಜನ ಕಾಲದಿಂದ ಹೊಸೂರಿನ ಗಾಳಿ ಕುಡಿದ ಮನೆತನ. “ನೋಡಪ್ಪ, ಬಾಯಲ್ಲಿ ಹೇಳೋ ಮಾತು ಬೇಡ. ಅಳೆದು ನೋಡೋಣ” ಎಂದರು. ಅಳತೆಯ ಮಾತು ಬಂದ ಮೇಲೆ ನಮ್ಮ ಮನೆಯಲ್ಲಿ ಎದುರು ಮಾತಿಲ್ಲ. ಅಲ್ಲೇ ಪಂಚಾಯಿತಿ ತೀರ್ಮಾನವಾಯಿತು. ಗಾಳಿ ಅಳೆಯುವ ಒಂದು ಡಬ್ಬವನ್ನು ಇವರು ಮಾಡುವುದು, ಸಂಕ್ರಾಂತಿ ಕಳೆಯುವ ತನಕ ಅದರಲ್ಲಿ ಅಳೆಯುವುದು. ಗಾಳಿ ಶುದ್ಧವೆಂದು ಮೊಬೈಲಿನಲ್ಲಿ ಹಸಿರು ಬಂದರೆ ಅಮ್ಮ ಇಲ್ಲೇ, ಕೆಟ್ಟದ್ದೆಂದು ಕೆಂಪು ಬಂದರೆ ಬೇರಿಕೆಗೆ. ತಮ್ಮ ಒಪ್ಪಿದ. ಅವನಿಗೆ ಕೆಂಪಿನ ಮೇಲೆ ಪೂರ್ತಿ ವಿಶ್ವಾಸ.

ಅಮ್ಮ ಪಕ್ಕದಲ್ಲೇ ಕೂತು ಸೊಪ್ಪು ಬಿಡಿಸುತ್ತಿದ್ದಳು. “ಅಂಗಾರೆ ಆ ಡಬ್ಬ ಏನ್ ಹೇಳ್ತದೋ ಅದೇಯಾ?” ಎಂದು ಕೇಳಿದಳು.

“ಹೂಂ ಅತ್ತೆ, ಅದು ಸುಳ್ಳು ಹೇಳಲ್ಲ” ಎಂದರು ಇವರು.

ಅಮ್ಮ ತಲೆಯಾಡಿಸಿ ಸೊಪ್ಪು ಬಿಡಿಸಿದಳು. ನಿನಗೆಲ್ಲಿರಬೇಕು ಅನ್ನಿಸುತ್ತದೆ ಎಂದು ಯಾರೂ ಅವಳನ್ನು ಕೇಳಲಿಲ್ಲ. ನಾನು ಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಮತದಾನದ ಹಕ್ಕು ಎನ್ನುವ ಪಾಠವನ್ನು ನಾನು ಬಹಳ ಚೆನ್ನಾಗಿ ಮಾಡುತ್ತೇನೆಂದು ಮಕ್ಕಳು ಹೇಳುತ್ತಾರೆ.

ಸಾಮಾನು ಕೊರಿಯರಿನಲ್ಲಿ ಬಂತು. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಒಂದು ಲೇಸರ್ ಸೆನ್ಸರ್. ಅದರ ಹೊಟ್ಟೆಯಲ್ಲಿ ಪುಟಾಣಿ ಫ್ಯಾನು. ಅದು ಒಂದು ತೂತಿನಿಂದ ಗಾಳಿ ಎಳೆದುಕೊಳ್ಳುತ್ತದೆ, ಒಳಗೆ ಬೆಳಕು ಬಿಟ್ಟು ಗಾಳಿಯಲ್ಲಿರುವ ಧೂಳಿನ ಕಣ ಎಣಿಸುತ್ತದೆ, ಎಣಿಸಿದ್ದನ್ನು ಮೊಬೈಲಿಗೆ ಕಳಿಸುತ್ತದೆ. ಇಷ್ಟನ್ನು ನನಗೆ ಅರ್ಥ ಮಾಡಿಸಲು ಇವರು ಒಂದು ಭಾನುವಾರ ಖರ್ಚು ಮಾಡಿದರು. ಸೆನ್ಸರಿಗೊಂದು ಮನೆ ಬೇಕಲ್ಲ, ಅದಕ್ಕೆ ನಾನು ಶಾಲೆಗೆ ಒಯ್ಯುತ್ತಿದ್ದ ಹೊಸ ತಿಂಡಿ ಡಬ್ಬಕ್ಕೆ ತೂತು ಕೊರೆದರು. ಕೊರೆದ ಮೇಲೆ ನನ್ನ ಅನುಮತಿ ಕೇಳಿದರು.

ಸಿಟ್‌ಔಟಿನ ಗ್ರಿಲ್ಲಿಗೆ ಡಬ್ಬ ಕಟ್ಟಿದ ದಿನ ಪಕ್ಕದ ಮನೆಯಾಕೆ ಬಂದು, “ಎನ್ನಮ್ಮಾ ಅದು, ಕ್ಯಾಮೆರಾವಾ?” ಎಂದು ವಿಚಾರಿಸಿದರು. ಗಾಳಿ ನೋಡುವ ಮಿಷಿನ್ ಎಂದು ಹೇಳಿದೆ. ನಂಬಿದಂತೆ ನಕ್ಕರು. ಮರುದಿನದಿಂದ ನಮ್ಮ ಕಾಂಪೌಂಡಿನ ಮೂಲೆಗೆ ಕಸ ಬೀಳುವುದು ನಿಂತುಹೋಯಿತು. ಇಡೀ ಯೋಜನೆಯಿಂದ ಹೊಸೂರಿನ ಪರಿಸರಕ್ಕೆ ಆದ ಖಚಿತ ಲಾಭ ಇದೊಂದೇ.

ಮೊದಮೊದಲು ಡಬ್ಬ ಹಸಿರೇ ತೋರಿಸುತ್ತಿತ್ತು. ಊರಿನ ಗಾಳಿಯನ್ನೆಲ್ಲ ತಾವೇ ಗುಡಿಸಿ ಸಾರಿಸಿದವರ ಹಾಗೆ ಇವರು ಓಡಾಡಿದರು. ದಿನವೂ ಸ್ಕ್ರೀನ್‌ಶಾಟ್ ತೆಗೆದು ತಮ್ಮನಿಗೆ ಕಳಿಸುತ್ತಿದ್ದರು. ಅವನು ಒಂದು ಹೆಬ್ಬೆರಳು ಹಾಕಿ ಸುಮ್ಮನಾಗುತ್ತಿದ್ದ.

ಅಷ್ಟರಲ್ಲಿ ಆಯುಧಪೂಜೆ ಬಂತು. ಕಾರ್ಖಾನೆಗಳ ಊರಿನಲ್ಲಿ ಆಯುಧಪೂಜೆ ಎಂದರೆ ಅದಕ್ಕಿಂತ ದೊಡ್ಡ ಹಬ್ಬವಿಲ್ಲ. ಇವರ ವಿಭಾಗದಲ್ಲಿ ಕೂದಲೆಳೆಯ ದಪ್ಪವನ್ನು ಅಳೆಯುವ ಉಪಕರಣಗಳಿಗೂ ಅಂದು ವಿಭೂತಿ, ಕುಂಕುಮ, ಮೇಲೊಂದು ಚೆಂಡು ಹೂವು. ಮರುದಿನ ಅದನ್ನೆಲ್ಲ ಒರೆಸಿ ಮತ್ತೆ ಸ್ಟಿಕ್ಕರ್ ಕೊಡುವುದು ಇವರದೇ ಕೆಲಸ. ಮನೆಯಲ್ಲಿ ಸ್ಕೂಟರು, ಮಿಕ್ಸಿ, ಕುಡುಗೋಲು, ನನ್ನ ಕೆಂಪು ಪೆನ್ನು ಎಲ್ಲಕ್ಕೂ ಪೂಜೆಯಾಯಿತು. ಕೊನೆಗೆ ಇವರು ಸಿಟ್‌ಔಟಿನ ಡಬ್ಬದ ಮುಂದೆ ನಿಂತು, “ಇದೂ ಉಪಕರಣವೇ. ಮನೆಗೆ ಹಿರಿಯರು, ನೀವೇ ಇಡಿ ಅತ್ತೆ” ಎಂದರು.

ಅಮ್ಮ ಡಬ್ಬದ ಮುಚ್ಚಳದ ಮೇಲೆ ವಿಭೂತಿಯ ಪಟ್ಟೆ ಎಳೆದು, ಕುಂಕುಮವಿಟ್ಟು, ಕೈಮುಗಿದು ಕಣ್ಣುಮುಚ್ಚಿದಳು. ಸ್ಕೂಟರಿಗೆ ಮುಗಿದದ್ದಕ್ಕಿಂತ ಹೆಚ್ಚು ಹೊತ್ತು ಮುಗಿದಳು. ನಾವು ಆಗಲೇ ಪುರಿ ಕಡಲೆಗೆ ಕೈಹಾಕಿದ್ದೆವು.

ಅಲ್ಲಿಂದ ಡಬ್ಬದ ಬುದ್ಧಿ ಕೆಟ್ಟಿತು. ಹಸಿರಿದ್ದದ್ದು ಹಳದಿಯಾಯಿತು, ಹಳದಿ ಕೆಂಪಾಯಿತು. ಅದೂ ಒಂದು ಶಿಸ್ತಿನಿಂದ. ಬೆಳಗ್ಗೆ ಅಮ್ಮನ ಸ್ನಾನ, ಪೂಜೆ ಮುಗಿದು ನಾನು ಕಾಫಿ ಸೋಸುವ ಹೊತ್ತಿಗೆ ಸರಿಯಾಗಿ ಅಂಕಿ ದಡದಡನೆ ಮೇಲೇರುತ್ತಿತ್ತು. ಆಮೇಲೆ ಇಳಿದರೂ ಹಿಂದಿನ ದಿನದಷ್ಟು ಇಳಿಯುತ್ತಿರಲಿಲ್ಲ. ಒಳಗೆ ಹಾಸಿಗೆಯಲ್ಲಿ ಮೊಬೈಲ್ ಹಿಡಿದಿದ್ದ ಇವರು ಅಲ್ಲಿಂದಲೇ ಮನೆಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದರು, “ಏರಿತು ಕಣೇ, ಇವತ್ತೂ ಕೆಂಪು.”

ತನಿಖೆ ಶುರುವಾಯಿತು. ಮೊದಲ ಆರೋಪಿ ಎಂದಿನಂತೆ ನಾನು. ನನ್ನ ಒಗ್ಗರಣೆಯ ಹೊಗೆ ಸಿಟ್‌ಔಟಿಗೆ ಹೋಗುತ್ತಿದೆ ಎಂದಾಯಿತು. ಒಂದು ವಾರ ಒಗ್ಗರಣೆಯಿಲ್ಲದ ಸಾರು ತಿಂದೆವು. ಕೆಂಪು ಇಳಿಯಲಿಲ್ಲ, ನಮ್ಮ ನಾಲಿಗೆಯ ರುಚಿ ಇಳಿಯಿತು. ಎರಡನೆಯ ಆರೋಪಿ ಹಿಂದಿನ ಬೀದಿಯವರ ನೀರೊಲೆ. ಬೆಳಗ್ಗೆ ಅವರು ಸೌದೆ ಉರಿಸುತ್ತಾರೆಂದು ಇವರು ನಯವಾಗಿ ತಿಳಿಹೇಳಲು ಹೋದರು. ಅವರು ಗೀಸರ್ ಹಾಕಿಸಿ ಎಷ್ಟೋ ಕಾಲವಾಗಿತ್ತು, ಆ ಒಲೆಯಲ್ಲಿ ಬೆಕ್ಕು ಮರಿ ಹಾಕಿತ್ತು. ಮರಿಗಳನ್ನು ನೋಡಿಕೊಂಡು, ಒಂದನ್ನು ಸಾಕುತ್ತೀರಾ ಎಂದು ಅವರು ಕೇಳಿದ್ದಕ್ಕೆ ಹೆಂಡತಿಯನ್ನು ಕೇಳುತ್ತೇನೆಂದು ಹೇಳಿ ವಾಪಸ್ಸು ಬಂದರು.

ಆಮೇಲೆ ಮಂಜಿನ ಸರದಿ. ಮಾರ್ಗಳಿಯಲ್ಲಿ, ಅಂದರೆ ನಮ್ಮ ಧನುರ್ಮಾಸದಲ್ಲಿ, ಹೊಸೂರಿನ ಮಂಜು ಎದುರಿನ ಮನೆ ಕಾಣದ ಹಾಗೆ ಇಳಿಯುತ್ತದೆ. ಸೆನ್ಸರು ಪಾಪ ನೀರಿನ ಹನಿಯನ್ನೇ ಧೂಳೆಂದು ಎಣಿಸುತ್ತಿದೆ ಎಂದು ಇವರು ತೇವಕ್ಕೊಂದು ಲೆಕ್ಕ ಕಂಡುಹಿಡಿದು ಪ್ರೋಗ್ರಾಮಿಗೆ ಸೇರಿಸಿದರು. ಮಂಜಿದ್ದ ದಿನ ಅಂಕಿ ಸ್ವಲ್ಪ ತಗ್ಗಿತು. ಮಂಜಿಲ್ಲದ ದಿನ ಅದನ್ನೂ ಸೇರಿಸಿ ತೀರಿಸಿಕೊಂಡಿತು. ಚಾರ್ಜರಿನಲ್ಲಿ ಕರೆಂಟು ಸರಿಯಿಲ್ಲವೇನೋ ಎಂದು ನನ್ನ ಚಾರ್ಜರ್ ಕಿತ್ತು ಡಬ್ಬಕ್ಕೆ ಹಾಕಿದರು. ಡಬ್ಬ ಕೆಂಪಾಗಿಯೇ ಉಳಿಯಿತು, ನನ್ನ ಮೊಬೈಲು ಶಾಲೆಯಲ್ಲಿ ಸತ್ತಿತು.

ಕೊನೆಗೆ ಸಿಕ್ಕಿಬಿದ್ದದ್ದು ಕಾರ್ಖಾನೆಯ ಬಸ್ಸುಗಳು. ಬೆಳಗಿನ ಪಾಳಿಯ ಬಸ್ಸುಗಳು ನಮ್ಮ ಬೀದಿಯ ತುದಿಯಲ್ಲಿ ಹಾಯುವ ಹೊತ್ತೂ ಅಂಕಿ ಏರುವ ಹೊತ್ತೂ ಒಂದೇ. ಇವರಿಗೆ ಎಷ್ಟು ಸಮಾಧಾನವಾಯಿತೆಂದರೆ, ಗೇಟಿನಲ್ಲಿ ನಿಂತು ಆ ಬಸ್ಸುಗಳ ಹೊಗೆಯನ್ನು ಚೆನ್ನಾಗಿ ಬೈದು, ಆಮೇಲೆ ಬಂದ ಅಂಥದೇ ಒಂದನ್ನು ಹತ್ತಿ ಕೆಲಸಕ್ಕೆ ಹೋದರು. ಭಾನುವಾರ ಬಸ್ಸಿಲ್ಲ. ಭಾನುವಾರವೂ ಅಂಕಿ ಅದೇ ಹೊತ್ತಿಗೆ ಏರಿತು. “ರೂಢಿಯಾಗಿರಬೇಕು ಬಿಡಿ” ಎಂದೆ. ಇವರು ನಗಲಿಲ್ಲ.

ಊದುಕಡ್ಡಿ, ಕರ್ಪೂರಕ್ಕೂ ನಿಷೇಧ ಬಂತು. ಇದಕ್ಕೆ ಅಮ್ಮ ಜಗಳ ತೆಗೆಯುತ್ತಾಳೆಂದು ನಾನು ಕಾದಿದ್ದೆ. “ದೇವ್ರಿಗೆ ಹೊಗೆ ಇಲ್ದಿದ್ರೂ ನಡೀತದೆ ಬುಡಿ, ವಿಬೂತಿ ಐತಲ್ಲ” ಎಂದು ಒಪ್ಪಿಕೊಂಡುಬಿಟ್ಟಳು. ಕಿಟಕಿಗಳು ಮುಚ್ಚಿದವು. ಹೊರಗೆ ಕೆಂಪಿರುವಾಗ ಉಬ್ಬಸದವರು ಕೂರಬಾರದೆಂದು ಅಮ್ಮನ ಸಂಜೆಯ ಮೆಟ್ಟಿಲೂ ನಿಂತಿತು. ಆ ಹೊತ್ತಿನಲ್ಲಿ ಅವಳು ನಡುಮನೆಯ ಕಿಟಕಿಯ ಗಾಜಿನ ಹಿಂದೆ ನಿಲ್ಲುತ್ತಿದ್ದಳು. ಪಕ್ಕದಾಕೆ, ಎದುರಿನಾಕೆ ಬೀದಿಯಿಂದ ಕೈಸನ್ನೆಯಲ್ಲಿ ಊಟವಾಯಿತೇ ಎಂದು ಕೇಳುತ್ತಿದ್ದರು, ಅಮ್ಮ ಒಳಗಿನಿಂದ ಕೈಯಾಡಿಸುತ್ತಿದ್ದಳು. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ. ಡಬ್ಬವನ್ನು ಎತ್ತಿ ಬಾವಿಗೆ ಹಾಕಬೇಕು ಅನ್ನಿಸುತ್ತಿತ್ತು, ಆದರೆ ಆಲಸನತ್ತಂನಲ್ಲಿ ಈಗ ಬಾವಿಯೂ ಇಲ್ಲ.

ತಮ್ಮ ಬಂದು ಮೊಬೈಲು ನೋಡಿ, “ನಾನೇಳಿಲ್ವಾ ಬಾವ” ಎಂದ. ಅವನ ಮುಖದಲ್ಲಿದ್ದ ಸಂತೋಷವನ್ನು ಅಳೆಯಲು ಯಾವ ಸೆನ್ಸರೂ ಬೇಕಿರಲಿಲ್ಲ. ಆದರೆ ಇವರು ಬಿಡುವ ಜನವೇ? ಒಂದು ಕಡೆ ಅಳೆದರೆ ಅಳತೆಯಲ್ಲ, ಇನ್ನೊಂದು ಕಡೆಯೂ ಅಳೆದು ಹೋಲಿಸಬೇಕು ಎಂದು ಹಠ ಹಿಡಿದರು. ಸಂಕ್ರಾಂತಿ ಮುಗಿದ ಒಂದು ಶನಿವಾರ ನಾವೆಲ್ಲ ಡಬ್ಬದ ಸಮೇತ ಬೇರಿಕೆಯ ದಾರಿ ಹಿಡಿದೆವು. ದಾರಿಯುದ್ದಕ್ಕೂ ಅಮ್ಮ ಡಬ್ಬವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಗುಂಡಿ ಬಂದಾಗಲೆಲ್ಲ ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದಳು.

ತಮ್ಮನ ಮನೆಯ ಜಗಲಿಯಲ್ಲಿ, ಗುಲಾಬಿ ತೋಟದ ಎದುರಿಗೆ, ಅವನು ವರ್ಣಿಸುತ್ತಿದ್ದ ಅದೇ ತೋಟದ ಗಾಳಿಯಲ್ಲಿ ಡಬ್ಬ ಕಟ್ಟಿದೆವು. ಕೆಂಪು. ಮರುದಿನ ಬೆಳಗ್ಗೆ ಕಾಫಿಯ ಹೊತ್ತಿಗೆ ಮೊಬೈಲಿನಲ್ಲಿ ಕೆಂಪೂ ಸಾಲದೆ ನೇರಳೆ ಬಣ್ಣ ಬಂತು.

ನನ್ನ ತಮ್ಮ ಮೊಬೈಲನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. “ನಿಮ್ ಡಬ್ಬ ಕೆಟ್ಟೋಗದೆ ಬಾವ” ಎಂದ.

“ನಿನ್ನೆ ತನಕ ಸರಿಯಾಗಿತ್ತಲ್ಲಪ್ಪ?”

“ಹೊಸೂರಾಗ್ ಸರಿಯಾಗಿತ್ತು. ದಾರೀಲಿ ಗುಂಡೀಲಿ ಬಿದ್ದು ಕೆಟ್ಟೋಯ್ತು.”

ಇಷ್ಟೊಂದು ವೈಜ್ಞಾನಿಕ ಮನೋಭಾವ ನನ್ನ ತವರಿನಲ್ಲಿದೆಯೆಂದು ನನಗೆ ತಿಳಿದಿರಲಿಲ್ಲ. ಡಬ್ಬ ಅಕ್ಕನ ಊರನ್ನು ಬೈದರೆ ಸತ್ಯ, ತನ್ನ ಊರನ್ನು ಬೈದರೆ ರಿಪೇರಿ. ಆದರೆ ನಮ್ಮ ಯಜಮಾನರ ಮುಖ ನೋಡಿ ನನಗೆ ಅಷ್ಟು ನಗು ಬರಲಿಲ್ಲ. ಇವರು ಜೀವನದಲ್ಲಿ ಮೊದಲ ಬಾರಿಗೆ ತಮ್ಮದೇ ಉಪಕರಣವನ್ನು ಅನುಮಾನಿಸುತ್ತಿದ್ದರು. ಅಷ್ಟರಲ್ಲಿ ನನ್ನ ತಮ್ಮ ಕೊನೆಯ ಮಾತು ಹೇಳಿಬಿಟ್ಟ: “ಬರೋ ಭಾನ್ವಾರ ನಾನ್ ಬತ್ತೀನಿ. ಅಷ್ಟ್ರೊಳಗೆ ಡಬ್ಬ ಸರಿಮಾಡಿ ಹಸಿರು ತೋರ್ಸಿದ್ರೆ ಆಯ್ತು. ಇಲ್ದಿದ್ರೆ ಅಮ್ಮನ್ ಕರ್ಕೊಂಡ್ ಬಂದ್ಬುಡ್ತೀನಿ. ಇನ್ ತಡಿಯಾಕಾಗಲ್ಲಕ್ಕ.” ಹಿಂದಕ್ಕೆ ಬರುವಾಗಲೂ ಡಬ್ಬ ಅಮ್ಮನ ಮಡಿಲಲ್ಲೇ ಇತ್ತು.

ಮುಂದಿನ ಶನಿವಾರ ಮಧ್ಯಾಹ್ನ ನಾನು ಶಾಲೆಯಿಂದ ಬಂದಾಗ ನನ್ನ ದೊಡ್ಡ ಇಡ್ಲಿ ಪಾತ್ರೆ ಊಟದ ಮೇಜಿನ ಮೇಲಿತ್ತು. ಮುಚ್ಚಳದ ಸುತ್ತ ಟೇಪು ಸುತ್ತಿತ್ತು. ಒಳಗೆ ಡಬ್ಬ ಕೂತಿತ್ತು, ಅದರ ವೈರು ಮಾತ್ರ ಟೇಪಿನ ಸಂದಿಯಿಂದ ಹೊರಗಿತ್ತು. ಮುಚ್ಚಿದ ಪಾತ್ರೆಯಲ್ಲಿ ಹೊಸ ಗಾಳಿ ಬರುವುದಿಲ್ಲ, ಇರುವ ಧೂಳು ತಳಕ್ಕೆ ಕೂರುತ್ತದೆ, ಅಂಕಿ ಸೊನ್ನೆಯ ಹತ್ತಿರಕ್ಕೆ ಬರಲೇಬೇಕು, ಬರದಿದ್ದರೆ ಕೊಳೆ ಸೆನ್ಸರಿನ ಹೊಟ್ಟೆಯೊಳಗೇ ಇದೆ ಎಂದು ಅರ್ಥ. ಇದು ಇವರ ಸಿದ್ಧಾಂತ. ಇಡ್ಲಿ ಬೇಯಲು ಹಿಡಿಯುವುದಕ್ಕಿಂತ ಬಹಳ ಹೆಚ್ಚು ಹೊತ್ತು ಕಾದೆವು. ಅಂಕಿ ಕೆಂಪಿನಲ್ಲೇ ಕೂತಿತ್ತು.

“ನೋಡಿದ್ಯಾ? ತಪ್ಪು ಗಾಳಿಯದಲ್ಲ” ಎಂದು ಇವರು ಸ್ಕ್ರೂ ಬಿಚ್ಚಿದರು. ಸೆನ್ಸರಿನ ಒಳಗೆ, ಫ್ಯಾನಿನ ರೆಕ್ಕೆಯ ಮೇಲೆ, ಬೆಳಕು ಹಾಯುವ ಸಣ್ಣ ಕಿಂಡಿಯಲ್ಲಿ ಬೂದು ಬಿಳುಪಿನ ಪುಡಿ ಗಟ್ಟಿಯಾಗಿ ಕೂತಿತ್ತು.

ಇವರು ಅದನ್ನು ಬಿಳಿ ಕಾಗದದ ಮೇಲೆ ಕೊಡವಿ, ಕನ್ನಡಕ ಮೂಗಿನ ತುದಿಗೆ ಇಳಿಸಿ ಅಧ್ಯಯನ ಮಾಡಿದರು. ಸಿಮೆಂಟು, ಎಂದರು. ಮೂರನೆಯ ಕ್ರಾಸಿನಲ್ಲಿ ಕಟ್ಟುತ್ತಿರುವ ಮನೆಯದು. ಆಮೇಲೆ ಸುಣ್ಣ ಎಂದರು. ಆಮೇಲೆ ಯಾವುದೋ ಕಾರ್ಖಾನೆಯ ಚಿಮಣಿಯ ಬೂದಿ ಎಂದು ತೀರ್ಮಾನಿಸಿ, ಹಾಗಿದ್ದರೆ ಇದು ಬಹಳ ಗಂಭೀರ ವಿಚಾರ ಎಂದರು. ನಾನು ಕಾಗದವನ್ನು ಮೂಗಿನ ಹತ್ತಿರ ಹಿಡಿದೆ. ನಮ್ಮ ದೇವರ ಗೂಡಿನ ವಾಸನೆ. ಎದುರುಮನೆಯಾಕೆ ಪಳನಿಯಿಂದ ತಂದು ಅಮ್ಮನಿಗೆ ಕೊಟ್ಟಿದ್ದ ಘಮಘಮ ವಿಭೂತಿ.

ಆಯುಧಪೂಜೆಯ ದಿನ ಮುಚ್ಚಳದ ಮೇಲೆ ಎಳೆದ ಪಟ್ಟೆಯಿಂದ ಇಷ್ಟು ಪುಡಿ ಒಳಗೆ ಹೋಗಲು ಸಾಧ್ಯವಿರಲಿಲ್ಲ. ನಾನು ಅಮ್ಮನ ಕೋಣೆಯ ಕಡೆ ನೋಡಿದೆ. ಒಳಗೆ ಅವಳು ಸೀರೆಗಳನ್ನು ಮಡಿಸಿ ಚೀಲಕ್ಕೆ ಇಡುತ್ತಿದ್ದಳು. ಇವರು ಬ್ರಷ್ಷಿನಿಂದ ಗುಡಿಸಿ, ಊದಿ, ಹತ್ತಿಯಲ್ಲಿ ಒರೆಸಿ, ಡಬ್ಬವನ್ನು ಮತ್ತೆ ಗ್ರಿಲ್ಲಿಗೆ ಕಟ್ಟಿದರು. ಹಸಿರು ಬಂತು. ಈಗಲೇ ನಿನ್ನ ತಮ್ಮನಿಗೆ ಕಳಿಸುತ್ತೇನೆ ಎಂದು ಮೊಬೈಲ್ ತೆಗೆದರು. “ಬೆಳಗ್ಗೆ ತನಕ ತಡೀರಿ” ಎಂದೆ.

ಭಾನುವಾರ ಬೆಳಗ್ಗೆ ಕಾಫಿ ಸೋಸಲು ಇಟ್ಟು ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಅಲ್ಲಿಂದ ಸಿಟ್‌ಔಟ್ ಕಾಣುತ್ತದೆ. ಅಮ್ಮ ಸ್ನಾನ ಮಾಡಿ, ದೇವರಿಗೆ ಕೈಮುಗಿದು, ಹಣೆಗಿಟ್ಟುಕೊಂಡು, ವಿಭೂತಿಯ ಬಟ್ಟಲು ಹಿಡಿದು ಹೊರಗೆ ಹೋದಳು. ಡಬ್ಬದ ಮುಂದೆ ನಿಂತು ಚಿಟಿಕೆ ತುಂಬ ವಿಭೂತಿ ತೆಗೆದುಕೊಂಡಳು. ಮುಚ್ಚಳಕ್ಕಲ್ಲ. ಬಗ್ಗಿ, ಫ್ಯಾನು ಗುಂಯ್‌ಗುಡುವ ಆ ತೂತಿಗೆ ಬೆರಳಿಟ್ಟು, ಅದು ಎಳೆದುಕೊಳ್ಳುವ ತನಕ ಹಿಡಿದುಕೊಂಡಳು. ಆಮೇಲೆ ಕೈಮುಗಿದಳು.

“ಸ್ವಾಮಿ, ಇವತ್ತಾರ ಹಸಿರು ತೋರ್ಸಪ್ಪ. ಮಗ ಬತ್ತಾವ್ನೆ. ನಾ ಇಲ್ಲೇ ಇರ್ತೀನಿ ಅಂತ ಅವನ್ಗೆ ಹೇಳಾಕೆ ನನ್ಗೆ ಬಾಯ್ ಬರಲ್ಲ. ನೀನೇ ಹೇಳ್ಬುಡು.”

ಒಳಗಿನಿಂದ ಇವರ ಧ್ವನಿ ಬಂತು. “ಅಯ್ಯೋ, ಮತ್ತೆ ಏರಿತು ಕಣೇ. ಕೆಂಪು.”

ಅಮ್ಮನ ಮುಗಿದ ಕೈ ಹಾಗೇ ಕೆಳಗಿಳಿಯಿತು. ಬಟ್ಟಲನ್ನು ನೋಡಿಕೊಂಡಳು. ಇನ್ನೊಂದು ಚಿಟಿಕೆ ತೆಗೆಯಲು ಬೆರಳು ಹಾಕಿದಳು. ಆಯುಧಪೂಜೆಯಿಂದ ಇಲ್ಲಿಯ ತನಕ ದಿನ ಬೆಳಗಾದರೆ ಅವಳು ಹೀಗೆ ಬೇಡಿಕೊಂಡಿದ್ದಳು, ಬೇಡಿಕೊಂಡ ಮರುಕ್ಷಣವೇ ಒಳಗಿನಿಂದ ಆಗುವುದಿಲ್ಲ ಎಂಬ ಉತ್ತರ ಕೇಳಿಸಿಕೊಂಡಿದ್ದಳು, ಮಾರನೆಯ ದಿನ ಇನ್ನೂ ಸ್ವಲ್ಪ ಹೆಚ್ಚು ವಿಭೂತಿ ಇಟ್ಟಿದ್ದಳು.

ಹೋಗಿ ಅವಳ ಕೈ ಹಿಡಿದೆ. ಮೆಟ್ಟಿಲ ಮೇಲೆ ಕೂರಿಸಿದೆ. “ಹೊರಗಡೆ ಕೆಂಪೈತಂತಲ್ಲ” ಎಂದಳು. “ಇರ್ಲಿ ಕೂತ್ಕೋ” ಎಂದೆ. ಎಷ್ಟೋ ದಿನದ ಹಿಂದೆ ಕೇಳಬೇಕಾಗಿದ್ದನ್ನು ಆಗ ಕೇಳಿದೆ. “ಅಮ್ಮ, ನಿನಗೆ ಇಲ್ಲೇ ಇರ್ಬೇಕು ಅಂತಿದ್ಯಾ?”

“ಮಗಳ್ ಮನೇಲಿ ಇರ್ತೀನಿ ಅಂತ ಬಾಯ್ಬಿಟ್ ಹೇಳಾದುಂಟಾ? ಅವನ್ ಮೊಕ ಊರಾಗೆ ಏನಾಗ್ಬೇಕು” ಎಂದಳು. ಆಮೇಲೆ ಬೀದಿಯನ್ನು ನೋಡುತ್ತಾ ಹೇಳಿದಳು. “ಅಲ್ಲಿ ಯಾರೂ ನನ್ನ ಗೇಯಿ ಅನ್ನಲ್ಲ. ಹೂವು ಕಂಡ್ರೆ ಕೈ ಸುಮ್ಕಿರಲ್ಲ, ಕಟ್ಟಾಕ್ ಕುಂತ್ಕಂತೀನಿ, ಹೂವಿಗ್ ಹೊಡ್ಯೋ ಆ ಔಸ್ದಿ ವಾಸ್ನೆ ಎದೆಗ್ ಕುಂತ್ಕಂತದೆ. ಇಲ್ಲಿ ಸಂಜೇಗೆ ಸುಮ್ಕೆ ಕುಂತ್ಕಂತೀನಲ್ಲ ಮಗ, ಅದು ಸಂದಾಗೈತೆ.”

“ವಿಭೂತೀನ ಆ ತೂತಿಗೆ ಯಾಕಮ್ಮ ಇಟ್ಟೆ?”

“ಅದು ಉಸ್ರಾಡಾದು ಅಲ್ಲೇ ಅಲ್ವಾ? ಡಾಕ್ಟ್ರು ನಂಗ್ ಹೇಳ್ಲಿಲ್ವಾ, ಪಫ್ಫು ಬಾಯಿಗಿಟ್ ಎಳ್ಕಂಡ್ರೆ ಎದೆಗಿಳೀತದೆ ಅಂತ. ಹಣೆಗಿಟ್ರೆ ಮೇಲೇ ಇರ್ತದೆ. ಅಲ್ಲಿಟ್ರೆ ಒಳಿಕ್ ಹೋಯ್ತದೆ ಅಂದ್ಕಂಡೆ.”

ಒಳಗೆ ಹೋಗಿ ಇವರಿಗೆ ಹೇಳಿದೆ. ಅರ್ಧಕ್ಕೇ ನಗುತ್ತಾರೆಂದುಕೊಂಡಿದ್ದೆ. ಹಾಸಿಗೆಯ ಅಂಚಿನಲ್ಲಿ ಮೊಬೈಲ್ ಹಿಡಿದುಕೊಂಡು ಕೂತುಬಿಟ್ಟರು. “ದಿನಾ ನಾನೇ ಕೂಗಿ ಹೇಳ್ತಿದ್ನಲ್ಲೇ” ಎಂದರು. ಆಮೇಲೆ ಎದ್ದು ಹೋಗಿ ಡಬ್ಬ ಬಿಚ್ಚಿ ತಂದು, ಮೇಜಿನ ಮೇಲೆ ಹರಡಿಕೊಂಡು, ಮತ್ತೆ ಗುಡಿಸಲು ಕೂತರು.

ಅದೇ ಸ್ಥಿತಿಯಲ್ಲಿ ತಮ್ಮನ ಕಾರು ಬಂತು. ಫ್ಯಾನು ಒಂದು ಕಡೆ, ಲೇಸರು ಒಂದು ಕಡೆ, ವೈರು ಒಂದು ಕಡೆ. ಅಮ್ಮ ಕೋಣೆಯ ಬಾಗಿಲಲ್ಲಿ ನಿಂತಿದ್ದಳು, ಪಕ್ಕದಲ್ಲಿ ಸೀರೆಯ ಚೀಲ.

“ಬಾವ, ಎಷ್ಟ್ ತೋರಿಸ್ತೈತೆ?” ಎಂದ ತಮ್ಮ, ಚಪ್ಪಲಿ ಬಿಡುತ್ತಲೇ.

ನಾನು ಬಾಯಿ ತೆರೆಯುವ ಮುಂಚೆಯೇ ಇವರು ತಲೆ ಎತ್ತದೆ ಹೇಳಿದರು. “ನಲವತ್ತು. ಹಸಿರು.”

ಹಾಲಿನವಳ ಲೀಟರಿನ ವಿಷಯದಲ್ಲಿ ಒಂದು ಹನಿಗೂ ರಾಜಿಯಾಗದ ಮನುಷ್ಯ. ಆ ಅಂಕಿ ಎಲ್ಲಿಂದ ಬಂತೆಂದು ನಾನು ಇವರ ಮುಖವನ್ನೇ ನೋಡಿದೆ. ಇವರು ಬಹಳ ಶ್ರದ್ಧೆಯಿಂದ ಸ್ಕ್ರೂ ಒರೆಸುತ್ತಿದ್ದರು.

“ಎಲ್ಲಿ, ತೋರ್ಸಿ.”

“ಸರ್ವೀಸಿಗೆ ಬಿಚ್ಚಿದೀನಲ್ಲಪ್ಪ. ಬಿಚ್ಚೋ ಮುಂಚೆ ನೋಡಿದ್ದು.”

ತಮ್ಮ ಮೇಜು ನೋಡಿದ, ಅಮ್ಮನನ್ನು ನೋಡಿದ, ಚೀಲ ನೋಡಿದ. ಅವನು ದಡ್ಡನಲ್ಲ. ನಾನು ಕೊಟ್ಟ ಕಾಫಿಯನ್ನು ನಿಧಾನವಾಗಿ ಕುಡಿದ. “ಊರಾಗ್ ಕೇಳ್ದೋರ್ಗೆ ಏನ್ ಹೇಳ್ಲಿ ಬಾವ?” ಎಂದ. ದನಿಯಲ್ಲಿ ಜಗಳವಿರಲಿಲ್ಲ.

“ಮಿಷಿನ್ ಹಿಂಗ್ ಹೇಳ್ತು, ಹೊಸೂರ್ ಗಾಳೀನೇ ಅವರ ಎದೆಗೆ ಒಗ್ಗೋದು ಅಂತು ಅನ್ನು. ಬೇಕಾದ್ರೆ ಫೋಟೋ ಕಳಿಸ್ತೀನಿ.”

“ಕಳ್ಸಿ” ಎಂದ ತಮ್ಮ, ತಕ್ಷಣ. ಅವನಿಗೂ ಟೀ ಅಂಗಡಿಯಲ್ಲಿ ತೋರಿಸಲು ಏನೋ ಒಂದು ಬೇಕಾಗಿತ್ತು ಅಷ್ಟೆ. ಅಮ್ಮನ ಕಡೆ ತಿರುಗಿ, “ಏನಮ್ಮ, ಡಬ್ಬ ಇಂಗಂತೈತಲ್ಲ” ಎಂದ.

ಅಮ್ಮ ಒಂದು ನಿಟ್ಟುಸಿರು ಬಿಟ್ಟಳು. ಅಷ್ಟು ಒಳ್ಳೆಯ ನಟನೆಯನ್ನು ನಾನು ಧಾರಾವಾಹಿಗಳಲ್ಲೂ ಕಂಡಿಲ್ಲ. “ಅದೇ ಹೇಳಿದ್ ಮ್ಯಾಲೆ ಇನ್ನೇನ್ಲಾ ಮಾಡಾದು. ನಂಗೆಲ್ಲಾದ್ರೇನು” ಎಂದು ಚೀಲವನ್ನು ಕಾಲಿನಿಂದ ಮೆಲ್ಲಗೆ ಕೋಣೆಯ ಒಳಕ್ಕೆ ತಳ್ಳಿದಳು.

ತಮ್ಮ ಹೋದ ಮೇಲೆ ಇವರು ಡಬ್ಬವನ್ನು ಜೋಡಿಸಿ, ತೂತಿಗೆ ಸೊಳ್ಳೆಪರದೆಯ ಬಟ್ಟೆ ಕಟ್ಟಿ, ಗ್ರಿಲ್ಲಿಗೆ ಹಾಕಿದರು. ನಿಜವಾದ ಅಂಕಿ ಎಷ್ಟು ಬಂತೆಂದು ನಾನು ಕೇಳಲಿಲ್ಲ, ಇವರು ಹೇಳಲೂ ಇಲ್ಲ. ಕಾರ್ಖಾನೆಯ ಚೀಲದಿಂದ ಒಂದು ಹಸಿರು ಸ್ಟಿಕ್ಕರ್ ತೆಗೆದು ಮುಚ್ಚಳದ ಮೇಲೆ, ಹಳೆಯ ವಿಭೂತಿ ಪಟ್ಟೆಯ ಪಕ್ಕದಲ್ಲಿ ಅಂಟಿಸಿದರು. ತಪಾಸಣೆ ಮಾಡಿದವರ ಸಹಿ ಇರಬೇಕಾದ ಜಾಗ ಖಾಲಿಯಿತ್ತು.

“ಇನ್ಮೇಲೆ ಇಲ್ಲಿಡಿ ಅತ್ತೆ. ಇದು ಅದರ ಹಣೆ” ಎಂದು ಅಮ್ಮನಿಗೆ ತೋರಿಸಿದರು.

ಸಂಜೆ ಅಮ್ಮ ಮೆಟ್ಟಿಲ ಮೇಲೆ ಕೂತಳು. ಪಕ್ಕದಾಕೆ ಬಂದರು, ಎದುರಿನಾಕೆ ಬಂದರು. ಆ ಡಬ್ಬ ಬಲು ಸತ್ಯವಂತ, ಕೇಳಿಕೊಂಡರೆ ಕೈಬಿಡುವುದಿಲ್ಲ, ಸ್ವಲ್ಪ ತಡವಾಗಿ ಕಣ್ಣು ಬಿಡುತ್ತದೆ ಅಷ್ಟೆ ಎಂದು ಅಮ್ಮ ಮೂರು ಭಾಷೆಯಲ್ಲೂ ಅವರಿಗೆ ಹೇಳುತ್ತಿದ್ದದ್ದು ನನಗೆ ಅಡುಗೆಮನೆಯಲ್ಲಿ ಕೇಳಿಸಿತು. ನಾನು ಬಾಗಿಲು ತೆರೆದಿಟ್ಟುಕೊಂಡು ಸಾರಿಗೆ ಒಗ್ಗರಣೆ ಹಾಕಿದೆ.